ಕೆಂಪು ಗುರುತಿನ ಬೋಲ್ಟ್

ಗ್ಯಾರೇಜಿನಲ್ಲಿ ಎಲ್ಲರೂ ಅವನನ್ನು ಪಾಲಿಶ್ ಎಂದು ಕರೆಯುತ್ತಿದ್ದರು. ಅಲ್ಲಿನ ಯಜಮಾನ ತನ್ನ ಮೆಕ್ಯಾನಿಕ್‌ಗಳಿಗೆ ಒಂದು ಕಟ್ಟುಪಾಡು ಹಾಕಿದ್ದ. ಬ್ರೇಕಿನ ಬೋಲ್ಟನ್ನು ಕೊನೆಯ ಬಾರಿ ಬಿಗಿದವನು ಅದರ ತಲೆಯಿಂದ ಪಕ್ಕದ ಲೋಹದವರೆಗೆ ತನ್ನ ಬಣ್ಣದ ಒಂದು ಗೆರೆ ಎಳೆಯಬೇಕು. ಬೋಲ್ಟ್ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಗೆರೆ ನೇರವಾಗಿದ್ದರೆ ಇನ್ನೊಬ್ಬರು ಅದನ್ನು ಮುಟ್ಟಬೇಕಾಗಿಲ್ಲ. ಯಜಮಾನನದು ಬಿಳಿ ಬಣ್ಣ, ಇವನದು ಕೆಂಪು. ಕೆಂಪೆಂದರೆ ಉಗುರಿಗೆ ಹಚ್ಚುವ ನೇಲ್ ಪಾಲಿಶ್ಶೇ, ಹೆಸರು ಬಂದದ್ದೂ ಅದರಿಂದ. ಇವನ ಅಕ್ಕ ತನ್ನ ಮದುವೆಗೆಂದು ತಂದು, ಕಣ್ಣಿಗೆ ಹೊಡೆಯುತ್ತದೆಂದು ಹಚ್ಚಿಕೊಳ್ಳದೆ ಬಿಟ್ಟ ಬಾಟಲಿಯಿಂದ ಶುರುವಾಗಿ, ಅದು ಮುಗಿದ ಮೇಲೂ ಇವನು ಹುಡುಕಿ ಹುಡುಕಿ ಅದೇ ಬಣ್ಣ ತರುತ್ತಿದ್ದ. ತನ್ನ ಉಗುರಿಗಿಲ್ಲದ ಸಿಂಗಾರ ಅವನ ಬೋಲ್ಟುಗಳಿಗಿದೆ ಎಂದು ಅಕ್ಕ ಹಂಗಿಸುತ್ತಿದ್ದಳು. ಒಳಗೊಳಗೆ ಅವಳಿಗೆ ಅದು ಹೆಮ್ಮೆಯ ವಿಷಯ.

ಅಕ್ಕ ಕಾರು ಓಡಿಸುವುದನ್ನು ಕಲಿಸುವವಳು. ಅವಳ ಕಾರಿನಲ್ಲಿ ಅವಳು ಕೂರುವ ಪಕ್ಕದ ಸೀಟಿಗೂ ಒಂದು ಬ್ರೇಕ್ ಪೆಡಲ್ ಇತ್ತು. ಕಲಿಯುವವರು ಗಾಬರಿಯಿಂದ ತುಳಿಯುವುದು, ಅವರು ಗಾಬರಿಯಾಗುವ ಮೊದಲೇ ಇವಳು ತುಳಿಯುವುದು, ಎರಡೂ ಸೇರಿ ಬ್ರೇಕ್ ಪ್ಯಾಡುಗಳು ಬೇಗ ಸವೆದುಹೋಗುತ್ತಿದ್ದವು. ಬದಲಾಯಿಸುವ ಕೆಲಸ ಯಾವಾಗಲೂ ತಮ್ಮನದೇ.

ಆ ದಿನ ಮಧ್ಯಾಹ್ನ ಅವಳ ಶಿಷ್ಯರಿಗೆ ಲೈಸೆನ್ಸಿನ ಪರೀಕ್ಷೆಯಿತ್ತು. ಊಟದ ಹೊತ್ತಿಗೆ ಗಾಡಿ ಬೇಕೆಂದು ಹೇಳಿ ಗೇಟಿನ ಬಳಿ ನಿಂತಿದ್ದಳು. ತಮ್ಮ ಹೊಸ ಪ್ಯಾಡ್ ಹಾಕಿ, ಕ್ಯಾಲಿಪರನ್ನು, ಅಂದರೆ ಚಕ್ರದ ಡಿಸ್ಕನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಹಿಡಿಕೆಯನ್ನು, ಅದರ ಜಾಗದಲ್ಲಿ ಕೂರಿಸಿದ. ಅದನ್ನು ಹಿಡಿದಿಡುವುದು ಎರಡೇ ಬೋಲ್ಟು. ಇಷ್ಟೇ ಬಿಗಿಯಬೇಕೆಂದು ಅಳೆದು ಹೇಳುವ ಟಾರ್ಕ್ ರೆಂಚ್ ಇನ್ನೊಬ್ಬನ ಕೈಯಲ್ಲಿತ್ತು. ಇವನು ಕಾಯಲಿಲ್ಲ. ಕೈ ಅಂದಾಜಿನಲ್ಲೇ ಕೆಳಗಿನದನ್ನು ಬಿಗಿದ, ಮೇಲಿನದನ್ನು ಬಿಗಿದ, ಅಕ್ಕನ ಗಾಡಿಯಲ್ಲವೇ ಎಂದು ಮೇಲಿನದಕ್ಕೆ ಇನ್ನೊಂದಿಷ್ಟು ಜೋರು ಹಾಕಿದ. ಗಟ್ಟಿ ನೆಲವೆಂದು ಕಾಲಿಟ್ಟಲ್ಲಿ ಕೆಸರು ಸಿಕ್ಕ ಹಾಗೆ ಸ್ಪ್ಯಾನರ್ ಮೆತ್ತಗಾಯಿತು. ಅಲ್ಯೂಮಿನಿಯಂ ತೂತಿನೊಳಗೆ ಬೋಲ್ಟನ್ನು ಕಚ್ಚಿ ಹಿಡಿಯುವ ಸುರುಳಿ, ಅಂದರೆ ಥ್ರೆಡ್, ಕಿತ್ತುಹೋಗಿತ್ತು.

ಅದನ್ನು ಸರಿಪಡಿಸುವುದು ಅವನಿಗೆ ಬರುತ್ತಿತ್ತು. ಆದರೆ ಅದಕ್ಕೆ ಹೊತ್ತು ಬೇಕು. ಹೊತ್ತು ಬೇಕೆಂದರೆ ಅಕ್ಕನಿಗೆ ಪರೀಕ್ಷೆ ಬಿಡು ಅನ್ನಬೇಕು, ಯಜಮಾನನಿಗೆ ರೆಂಚಿಗೆ ಕಾಯಲಿಲ್ಲ ಅನ್ನಬೇಕು. ಅವನು ಎರಡನ್ನೂ ಅನ್ನಲಿಲ್ಲ. ಬೋಲ್ಟಿಗೆ ಗಟ್ಟಿಯಾದ ಅಂಟು ಹಚ್ಚಿ ತಿರುಗಿಸಿ ಕೂರಿಸಿದ. ಭಾನುವಾರ ಗಾಡಿ ತರಿಸಿಕೊಂಡು ಸರಿಮಾಡುತ್ತೇನೆ, ಅಲ್ಲಿಯವರೆಗೆ ಕೆಳಗಿನದು ಹಿಡಿದಿರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಗುರುತಿಲ್ಲದ ಗಾಡಿಯನ್ನು ಯಜಮಾನ ಗೇಟು ದಾಟಲು ಬಿಡುವುದಿಲ್ಲ. ಆದ್ದರಿಂದ ಗುರುತನ್ನೂ ಹಾಕಿದ. ಯಜಮಾನ ಬಗ್ಗಿ ಟಾರ್ಚ್ ಬಿಟ್ಟು ನೋಡಿ, ಕೆಂಪು ಕಂಡು, ಹೋಗಲಿ ಎಂದ.

ಭಾನುವಾರ ಬಂತು. ಬ್ರೇಕು ಎಷ್ಟು ಚೆನ್ನಾಗಿ ಹಿಡಿಯುತ್ತಿದೆ ಎಂದು ಅಕ್ಕ ಹೊಗಳಿದಳು. ಹೊಗಳಿಕೆಯ ಮುಂದೆ ಬಾಯಿ ಬಿಡುವುದು ಕಷ್ಟವಾಯಿತು. ಮುಂದಿನ ಭಾನುವಾರ ಇನ್ನೂ ಕಷ್ಟವಾಯಿತು, ಏಕೆಂದರೆ ಈಗ ಮುಚ್ಚಿಟ್ಟ ಒಂದು ವಾರವನ್ನೂ ಸೇರಿಸಿ ಹೇಳಬೇಕಿತ್ತು. ರಸ್ತೆಯಲ್ಲಿ ಬ್ರೇಕು ಕಿರುಗುಟ್ಟಿದ ಸದ್ದಾದರೆ ಊಟ ಅರ್ಧಕ್ಕೇ ಬಿಟ್ಟು ಬಾಗಿಲಿಗೆ ಹೋಗುತ್ತಿದ್ದ. ಹೊಟ್ಟೆ ಸರಿಯಿಲ್ಲವೇನೋ ಎಂದು ಹೆಂಡತಿ ಮಜ್ಜಿಗೆ ಕೊಡತೊಡಗಿದಳು. ಅವಳಿಗೂ ಹೇಳಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಅಕ್ಕ ಊಟಕ್ಕೆ ಬಂದವಳು ತಟ್ಟೆಯ ಮುಂದೆ ಕೂತು ಒಂದು ಸುದ್ದಿ ಹೇಳಿದಳು. ಬ್ರೇಕ್ ಒತ್ತಿದಾಗ ಮುಂದಿನ ಚಕ್ರದಲ್ಲಿ ಕಟ್ ಎಂಬ ಸದ್ದು ಬರುತ್ತಿತ್ತಂತೆ. ಊರಿನ ಆಚೆ ತುದಿಯಲ್ಲಿದ್ದುದರಿಂದ ಅಲ್ಲಿನ ಒಂದು ಅಂಗಡಿಗೇ ಒಯ್ದಳಂತೆ. ಆ ಮೆಕ್ಯಾನಿಕ್ ಹಿಂದೆ ಇವರ ಯಜಮಾನನ ಹತ್ತಿರವೇ ಕೆಲಸ ಕಲಿತವನು. ಚಕ್ರ ಬಿಚ್ಚಿ, ಕೆಂಪು ಗೆರೆ ನೇರವಾಗಿರುವುದನ್ನು ನೋಡಿ, ಇಲ್ಲಿ ಹುಡುಕುವುದು ದಂಡ ಎಂದು ಸ್ಪ್ಯಾನರನ್ನೇ ಹಾಕಲಿಲ್ಲವಂತೆ. ಬೇರೆ ಯಾವುದೋ ರಬ್ಬರ್ ಬುಷ್ ಬದಲಾಯಿಸಿ ಕಳಿಸಿದನಂತೆ. ಇಷ್ಟನ್ನೂ ಅವಳು ತಮ್ಮನ ಹೆಂಡತಿಯ ಕಡೆ ತಿರುಗಿ, ನಿನ್ನ ಗಂಡನ ಹೆಸರು ಎಲ್ಲಿವರೆಗೆ ಹೋಗಿದೆ ನೋಡಮ್ಮ ಎಂಬ ಧಾಟಿಯಲ್ಲಿ ಹೇಳಿದಳು. ಮಾತಿನ ಕೊನೆಗೆ, ನಾಳೆ ಬೆಳಿಗ್ಗೆ ಕಾರು ಕಲಿಯಲು ಬರುವ ಔಷಧಿ ಅಂಗಡಿಯವಳನ್ನು ಮೊದಲ ಸಲ ಗುಡ್ಡದ ಇಳಿಜಾರಿಗೆ ಕರೆದೊಯ್ಯುತ್ತೇನೆ ಎಂದಳು.

ಅವನು ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ. ಅಂಟು ಬೋಲ್ಟನ್ನು ತಿರುಗದಂತೆ ಹಿಡಿದಿತ್ತು, ಆದ್ದರಿಂದ ಗೆರೆ ಮುರಿದಿರಲಿಲ್ಲ. ಹಿಡಿತ ಮಾತ್ರ ಸತ್ತಿತ್ತು. ಸದ್ದು ಅದರದೇ. ಕಿತ್ತ ಥ್ರೆಡ್ಡನ್ನು ಯಾವ ಮೆಕ್ಯಾನಿಕ್ಕಾದರೂ ಕಂಡುಹಿಡಿಯುತ್ತಿದ್ದ. ಇವನ ಗುರುತು ಅವನ ಕಣ್ಣು ಕಟ್ಟಿತ್ತು.

ಆಗಲೂ ಅವನು ಸುಳ್ಳಿನಲ್ಲೇ ದಾರಿ ಹುಡುಕಿದ. ಕೀ ಕೊಡು, ಸುಮ್ಮನೆ ಒಮ್ಮೆ ನೋಡುತ್ತೇನೆ ಅಂದ.

"ನೋಡೋದೇನಿದೆಯೋ? ಒಬ್ಬ ನೋಡಿದಾನೆ, ನಿನ್ನ ಗೆರೆ ನೆಟ್ಟಗಿದೆ. ಭಾನುವಾರ ಒಂದಿನ ನೆಮ್ಮದಿಯಾಗಿ ಉಣ್ಣು."

"ಕೊಡಕ್ಕ."

"ಒಳ್ಳೆ ಕಾಟ ಕಣೋ ನಿಂದು. ಕೈ ತೊಳೆದು ಮಲಗು ಹೋಗು."

ಅವಳು ಕೀಯನ್ನು ಚೀಲದೊಳಗೆ ಹಾಕಿಕೊಂಡಳು. ಆ ಕೀ ಅವನ ಕೈಗೆ ಬರಲು ಈಗ ಒಂದೇ ಮಾತು ಉಳಿದಿತ್ತು.

"ಆ ಗೆರೆ ಸುಳ್ಳು ಅಕ್ಕ. ಮೇಲಿನ ಬೋಲ್ಟ್ ಹಿಡಿದಿಲ್ಲ. ಥ್ರೆಡ್ ಹೋಗಿದೆ, ನಾನೇ ಕಿತ್ತಿದ್ದು."

ಹೆಂಡತಿ ಬಡಿಸುವ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು.

"ಯಾವಾಗ?" ಅಂದಳು ಅಕ್ಕ.

"ಪರೀಕ್ಷೆ ದಿನ."

ಅವಳು ಬಯ್ಯಲಿಲ್ಲ. ಆ ದಿನದಿಂದ ಸ್ಟಿಯರಿಂಗ್ ಹಿಡಿದವರನ್ನು ಒಬ್ಬೊಬ್ಬರಾಗಿ ನೆನೆಯುತ್ತ ಹೋದಳು. ಔಷಧಿ ಅಂಗಡಿಯವಳು, ಅಂಚೆಯವನ ಹೆಂಡತಿ, ಅವಳಿ ಜವಳಿ ಹುಡುಗಿಯರು, ಕನ್ನಡಕದ ಮೇಷ್ಟ್ರು, ಮೇಷ್ಟ್ರ ಪಾಠ ಮುಗಿಯುವವರೆಗೆ ಹಿಂದಿನ ಸೀಟಿನಲ್ಲಿ ಮಲಗಿರುತ್ತಿದ್ದ ಅವರ ಮೊಮ್ಮಗಳು. ಅವಳು ಬಯ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಕೊನೆಗೆ ಕೀಯನ್ನು ತಟ್ಟೆಯ ಪಕ್ಕ ಇಟ್ಟು ಒಂದು ಮಾತು ಕೇಳಿದಳು.

"ಇದೊಂದೇನಾ?"

"ಇದೊಂದೇ ಅಕ್ಕ."

ನಿಜವೇ ಹೇಳಿದ್ದ. ಆದರೆ ಅದಕ್ಕೆ ಸಾಕ್ಷಿಯಾಗಿ ಅವನು ತೋರಿಸಬಹುದಾಗಿದ್ದುದು ಅದೇ ಕೆಂಪು ಗೆರೆ.

ಯಜಮಾನನನ್ನು ಕರೆಸಿ, ಅವನಿಗೂ ಎಲ್ಲವನ್ನೂ ಹೇಳಿ, ಗಾಡಿಯನ್ನು ನಿಧಾನವಾಗಿ ಗ್ಯಾರೇಜಿಗೆ ತಂದರು. ಅಂಟು ಬಿಟ್ಟ ಕೂಡಲೇ ಬೋಲ್ಟ್ ಬೆರಳಿಗೇ ಹೊರಬಂತು, ಅದರ ಸುತ್ತ ಅಲ್ಯೂಮಿನಿಯಂ ಚೂರು ಸುರುಳಿಯಾಗಿ ಅಂಟಿಕೊಂಡಿತ್ತು. ಇಷ್ಟು ದಿನ ಎಲ್ಲ ಭಾರ ಹೊತ್ತ ಕೆಳಗಿನ ಬೋಲ್ಟೂ ತುಸು ಬಗ್ಗಿತ್ತು. ಅದನ್ನು ಯಜಮಾನ ಅಕ್ಕನಿಗೆ ತೋರಿಸಿದ. ಪಾಲಿಶ್ ತೂತನ್ನು ಡ್ರಿಲ್ ಮಾಡಿ ಅಗಲಿಸಿದ, ಟ್ಯಾಪ್ ಎಂಬ ಸುರುಳಿ ಹಲ್ಲಿನ ಉಪಕರಣ ತಿರುಗಿಸಿ ಹೊಸ ಥ್ರೆಡ್ ಕೊರೆದ, ಪುಡಿಯನ್ನೆಲ್ಲ ಊದಿ ತೆಗೆದು ಉಕ್ಕಿನ ತಂತಿಯ ಸುರುಳಿಯೊಂದನ್ನು ಒಳಗೆ ಕೂರಿಸಿದ. ಬೋಲ್ಟ್ ಈಗ ಆ ಉಕ್ಕನ್ನು ಕಚ್ಚುತ್ತದೆ, ಮೊದಲಿಗಿಂತ ಗಟ್ಟಿ. ಹೊಸ ಬೋಲ್ಟುಗಳನ್ನು ಹಾಕಿ ಟಾರ್ಕ್ ರೆಂಚಿನಲ್ಲಿ ಬಿಗಿದ. ರೆಂಚ್ ಟಕ್ ಎಂದಿತು. ಕೆಂಪು ಬಾಟಲಿ ಪಕ್ಕದಲ್ಲೇ ಇತ್ತು. ಅವನು ಅದನ್ನು ಮುಟ್ಟದೆ ರೆಂಚನ್ನು ಯಜಮಾನನ ಕಡೆ ಚಾಚಿದ. ಯಜಮಾನ ಇನ್ನೊಮ್ಮೆ ಬಿಗಿದು ನೋಡಿ ಬಿಳಿ ಗೆರೆ ಎಳೆದ.

ಅವನು ಕೆಂಪು ಗೆರೆ ಎಳೆದಿದ್ದ ಗಾಡಿಗಳನ್ನೆಲ್ಲ ಆಮೇಲೆ ಒಂದೊಂದಾಗಿ ಕರೆಸಿ, ಬಿಡುವಿನ ಹೊತ್ತಿನಲ್ಲಿ ಚಕ್ರ ಬಿಚ್ಚಿ, ಯಜಮಾನನ ಎದುರಿಗೆ ಮತ್ತೆ ಬಿಗಿದ. ಒಂದೂ ತಪ್ಪಿರಲಿಲ್ಲ. ಅದರಿಂದ ಅವನಿಗೆ ಸಮಾಧಾನವೇನೂ ಆಗಲಿಲ್ಲ. ಈಗಲೂ ಬಿಗಿಯುವುದು ಅವನೇ, ಗೆರೆ ಇನ್ನೊಬ್ಬರದು. ಪಾಲಿಶ್ ಎಂಬ ಹೆಸರು ಮಾತ್ರ ಹೋಗಲಿಲ್ಲ. ಹೊಸಬರು ಹಾಗೇಕೆ ಕರೆಯುತ್ತಾರೆಂದು ಕೇಳಿದರೆ ಅವನೇ ಕಾರಣ ಹೇಳುತ್ತಾನೆ, ಅರ್ಧಕ್ಕೆ ನಿಲ್ಲಿಸುವುದಿಲ್ಲ.

ಅಕ್ಕ ಬೇರೆ ಗ್ಯಾರೇಜಿಗೆ ಹೋಗಲಿಲ್ಲ. ಭಾನುವಾರದ ಊಟಕ್ಕೂ ಬರುತ್ತಾಳೆ, ಹಂಗಿಸುತ್ತಾಳೆ. ಆದರೆ ಗಾಡಿ ಗೇಟು ದಾಟುವ ಮೊದಲು ತಾನೇ ನೆಲಕ್ಕೆ ಮಂಡಿಯೂರಿ, ಚಕ್ರದ ಹಿಂದಕ್ಕೆ ಕೈ ಹಾಕಿ, ಎರಡು ಬೋಲ್ಟನ್ನೂ ಮುಟ್ಟಿ ಅಲುಗಿಸಿ ನೋಡುತ್ತಾಳೆ. ಅಷ್ಟು ಹೊತ್ತೂ ಅವನು ಪಕ್ಕದಲ್ಲಿ ಬಗ್ಗಿ ಟಾರ್ಚ್ ಹಿಡಿದಿರುತ್ತಾನೆ.