ಬಾವಿ ಹಗ್ಗದ ತುದಿ

ನಮ್ಮ ಮನೆಯಲ್ಲಿ ತುದಿ ಬಿಚ್ಚಿಕೊಂಡ ಹಗ್ಗ ಒಂದನ್ನು ಹುಡುಕಿ ತೋರಿಸಿದವರಿಗೆ ನನ್ನ ಅಂಗಡಿಯಿಂದ ಒಂದು ಒಳ್ಳೆಯ ಪಂಚೆ ಕೊಡಲು ನಾನು ಸಿದ್ಧ. ಬಟ್ಟೆ ಒಣಹಾಕುವ ಹಗ್ಗ, ಅಟ್ಟದ ಮೇಲಿನ ಹಾಸಿಗೆ ಸುರುಳಿಗೆ ಬಿಗಿದ ಹಗ್ಗ, ಕ್ಯಾಲೆಂಡರಿನ ದಾರ, ಕೊನೆಗೆ ನನ್ನ ಪಾಯಿಜಾಮದ ಲಾಡಿ ಕೂಡ, ಎಲ್ಲದರ ತುದಿಗೂ ಬಿಳಿ ನೂಲನ್ನು ಒತ್ತಾಗಿ, ಬಿಗಿಯಾಗಿ ಸುತ್ತಿದೆ. ಹೊಸ ನೆಂಟರು ಇದನ್ನು ನೋಡಿ, ಜವಳಿ ವ್ಯಾಪಾರಿಗಳ ಮನೆಯೆಂದರೆ ಹೀಗಿರಬೇಕು ಎಂದು ಮೆಚ್ಚುತ್ತಾರೆ. ಬಿಟ್ಟಿ ಸಿಕ್ಕ ಹೊಗಳಿಕೆಯನ್ನು ಬೇಡವೆನ್ನುವುದೇಕೆ ಎಂದು ನಾನೂ ಸುಮ್ಮನಿರುತ್ತೇನೆ. ನಿಮ್ಮ ಹತ್ತಿರ ಮುಚ್ಚಿಡುವುದೇನಿದೆ, ಅದು ನನ್ನ ಕೈಕೆಲಸವಲ್ಲ, ನಮ್ಮ ಅತ್ತೆಯದು. ಅತ್ತೆ ಎಂದರೆ ನಮ್ಮ ತಂದೆಯ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಚನ್ನರಾಯಪಟ್ಟಣದ ಈ ಮನೆಗೆ ಮರಳಿ ಬಂದವರು, ನನ್ನನ್ನು ಎತ್ತಿ ಆಡಿಸಿದವರು, ಈಗ ನನ್ನ ಹೆಂಡತಿ ಸುಜಾತಳ ಸಾರಿಗೆ ಉಪ್ಪು ಹೆಚ್ಚೋ ಕಡಿಮೆಯೋ ಎಂದು ದಿನವೂ ತೀರ್ಪು ಕೊಡುವವರು.

ನಾನು ದಿನವೆಲ್ಲ ಕತ್ತರಿ ಹಿಡಿದು ಕೂರುವವನು. ಮಗ್ಗದಿಂದ ಬರುವ ಬಟ್ಟೆಗೆ ಎರಡು ಪಕ್ಕದಲ್ಲೂ ಅಂಚು ನೇಯ್ದೇ ಬಂದಿರುತ್ತದೆ. ಆದರೆ ಗಿರಾಕಿ ಕೇಳಿದಷ್ಟು ಅಳೆದು ನಾನು ಎಲ್ಲಿ ಕತ್ತರಿ ಹಾಕುತ್ತೇನೋ ಅಲ್ಲಿಂದಲೇ ಎಳೆಗಳು ಒಂದೊಂದಾಗಿ ಹೊರಡಲು ಅಣಿಯಾಗುತ್ತವೆ. ಆ ಭಯಕ್ಕೇ ದರ್ಜಿ ಮಡಿಸಿ ಹೊಲಿಯುತ್ತಾನೆ. ಆ ಭಯಕ್ಕೇ ನಮ್ಮ ಹೆಣ್ಣುಮಕ್ಕಳು ಸೆರಗಿನ ಎಳೆಗಳನ್ನು ಗುಂಪುಗುಂಪಾಗಿ ಕೂಡಿಸಿ ಕುಚ್ಚು ಕಟ್ಟಿ, ಅಂಜಿಕೆಯನ್ನೇ ಅಲಂಕಾರ ಮಾಡಿಕೊಂಡಿದ್ದಾರೆ. ಹಗ್ಗದ ಕಥೆ ಇನ್ನೂ ವಿಚಿತ್ರ. ಗೇಣುದ್ದವೂ ಇಲ್ಲದ ತೆಂಗಿನ ನಾರುಗಳು, ನಡುವೆ ಅಂಟಿಲ್ಲದೆ ಗಂಟಿಲ್ಲದೆ, ಬರೀ ಹುರಿಯ ಬಿಗಿಯಲ್ಲಿ ಒಂದನ್ನೊಂದು ಅಪ್ಪಿಕೊಂಡು ಬಾವಿಯ ತಳ ಮುಟ್ಟುವಷ್ಟು ಉದ್ದವಾಗುತ್ತವೆ. ನಡುವಿನಲ್ಲಿ ಎಷ್ಟು ಭಾರ ಜಗ್ಗಿದರೂ ಇನ್ನಷ್ಟು ಬಿಗಿಯಾಗುತ್ತವೆಯೇ ಹೊರತು ಬಿಡುವುದಿಲ್ಲ. ತುದಿಗೆ ಬಂದಾಗ ಮಾತ್ರ, ಮುಂದೆ ಹಿಡಿದುಕೊಳ್ಳಲು ಯಾರೂ ಇಲ್ಲವೆಂದು ತಿಳಿದೊಡನೆ, ತಾವು ಹಿಂದೆ ಬಿಡಿಬಿಡಿಯಾಗಿದ್ದುದು ನೆನಪಾದಂತೆ ಕೈ ಸಡಿಲಿಸುತ್ತವೆ.

ತುದಿ ಬಿಚ್ಚದಂತೆ ಮಾಡಲು ಸುಲಭದ ದಾರಿಗಳಿಲ್ಲವೆಂದಲ್ಲ. ಒಂದು ಗಂಟು ಹಾಕಿಬಿಟ್ಟರಾಯಿತು ಎನ್ನುತ್ತೀರಿ. ಆ ಗಂಟು ಬಾವಿಯ ರಾಟೆಗೆ ಸಿಕ್ಕಿ, ಇಳಿಬಿಟ್ಟ ಕೊಡ ನೀರು ಮುಟ್ಟದೆ ನೇತಾಡಿದಾಗ ಅದರ ಕಷ್ಟ ಗೊತ್ತಾಗುತ್ತದೆ. ಸಂತೆಬೀದಿಯ ಹಗ್ಗದಂಗಡಿಯವನು ನೈಲಾನ್ ಹಗ್ಗದ ತುದಿಗೆ ಲೈಟರ್ ಹಿಡಿದು, ಕರಗಿದ್ದನ್ನು ಕಲ್ಲಿಗೆ ಒತ್ತಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಸುತ್ತಾನೆ. ಒಮ್ಮೆ ಅತ್ತೆಗೂ ಉಪದೇಶ ಮಾಡಿದ್ದ: "ಅಂಗ್ಯಾಕೆ ನೂಲು ಗೀಲು ಅಂತ ಒದ್ದಾಡ್ತೀರಮ್ಮಾ? ನಾರಿನ ಅಗ್ಗಾನೂ ಅಷ್ಟೇ ಕಣಮ್ಮ, ತುದೀನ ಇಂಗೆ ಬೆಂಕಿಗೆ ತೋರ್ಸಿ ಉಜ್ಜುದ್ರೆ ಮುಗ್ದೋಯ್ತು." ಅತ್ತೆ ಹಗ್ಗವನ್ನು ಅವನ ಕೈಯಿಂದ ಕಿತ್ತುಕೊಂಡೇಬಿಟ್ಟರು. ನಾರಿನೊಳಗೆ ಇರುವೆಯೋ ಇನ್ನೊಂದೋ ಸೇರಿಕೊಂಡಿದ್ದರೆ ಅದರ ಗತಿ ಏನು? ನಮ್ಮದು ಜೈನರ ಮನೆ. ನೂಲು ಜಾರದಿರಲು ಜೇನುಮೇಣ ಉಜ್ಜಿ ಎಂದು ಇನ್ನೊಬ್ಬರು ಹೇಳಿದ್ದೂ ನಡೆಯಲಿಲ್ಲ; ಜೇನುಗೂಡು ಹಿಂಡದೆ ಮೇಣ ಬರುವುದಿಲ್ಲವಲ್ಲ. ಹಾಗಾಗಿ ಅತ್ತೆಗೆ ಉಳಿದದ್ದು ಹತ್ತಿಯ ನೂಲು, ಒಂದು ಲೋಟ ನೀರು ಮತ್ತು ತಾಳ್ಮೆ. ಒದ್ದೆ ಮಾಡಿದ ನೂಲನ್ನು ಹಗ್ಗದ ಮೇಲೆ ಕುಣಿಕೆಯಾಗಿ ಮಡಿಸಿಟ್ಟು, ಅದರ ಮೇಲೆ ಸುತ್ತಿನ ಪಕ್ಕ ಸುತ್ತು ಒತ್ತಾಗಿ ಸುತ್ತಿ, ಮಿಕ್ಕ ತುದಿಯನ್ನು ಕುಣಿಕೆಯೊಳಗೆ ತೂರಿಸಿ, ಆಚೆ ಬದಿಯಿಂದ ಜಗ್ಗಿದರೆ ಕುಣಿಕೆ ಸುತ್ತುಗಳ ಕೆಳಗೆ ಹೋಗಿ ಅಡಗುತ್ತದೆ. ಬಿಗಿ ಒಳಗಿರುತ್ತದೆ, ಹೊರಗೆ ಗಂಟಿನ ಸುಳಿವೇ ಇರುವುದಿಲ್ಲ.

ಈ ಹಟ ಅತ್ತೆಗೆ ಹುಟ್ಟಿನಿಂದ ಬಂದದ್ದಲ್ಲ. ಅದರ ಮೂಲ ನಮ್ಮ ಹಿತ್ತಲಿನ ಬಾವಿಯಲ್ಲಿದೆ.

ನಮ್ಮ ಮುನಿಗಳ ಆಹಾರದ ಕ್ರಮ ನಿಮಗೆ ಗೊತ್ತಿಲ್ಲದಿದ್ದರೆ ಎರಡು ಮಾತು ಹೇಳಿಬಿಡುತ್ತೇನೆ. ಅವರು ದಿನಕ್ಕೆ ಒಂದೇ ಸಲ, ನಿಂತುಕೊಂಡು, ತಮ್ಮ ಬೊಗಸೆಯಲ್ಲೇ ಉಣ್ಣುತ್ತಾರೆ. ನೀರು ಕುಡಿಯುವುದೂ ಆಗಲೇ, ಆ ಬೊಗಸೆಯಲ್ಲೇ. ಆ ನೀರು ನಲ್ಲಿಯದಾಗಬಾರದು, ಬೋರ್‌ವೆಲ್ಲಿನದಾಗಬಾರದು. ಬಾವಿಯಿಂದ ಸೇದಿ, ಬಟ್ಟೆಯಲ್ಲಿ ಸೋಸಿದ್ದಾಗಬೇಕು. ಸೋಸಿದ ಬಟ್ಟೆಯಲ್ಲಿ ಉಳಿದಿರಬಹುದಾದ ಸಣ್ಣ ಜೀವಗಳನ್ನು ಜಾಲಿಸಿದ ನೀರಿನ ಜೊತೆ ಅದೇ ಬಾವಿಗೆ ಮೆಲ್ಲಗೆ ಇಳಿಸಬೇಕು. ಇಷ್ಟೆಲ್ಲ ಮಾಡಿ ಬಾಗಿಲಲ್ಲಿ ನಿಂತು "ನಮೋಸ್ತು ಸ್ವಾಮಿ, ಅತ್ರ ತಿಷ್ಠ ತಿಷ್ಠ", ಅಂದರೆ ಇಲ್ಲಿ ನಿಲ್ಲಿ, ಎಂದು ಕರೆದರೂ, ಇಂದು ಇಂಥದ್ದನ್ನು ಹಿಡಿದು ನಿಂತವರಲ್ಲೇ ಉಣ್ಣಬೇಕೆಂದು ಅವರು ಮನಸ್ಸಿನಲ್ಲೇ ಮಾಡಿಕೊಂಡ ನಿಯಮಕ್ಕೆ ನಾವು ಹೊಂದಿದರೆ ನಿಲ್ಲುತ್ತಾರೆ, ಇಲ್ಲವಾದರೆ ಮುಂದೆ ಹೋಗುತ್ತಾರೆ. ಒಳಗೆ ಬಂದು ಬೊಗಸೆ ಒಡ್ಡಿದ ಮೇಲೂ ಅದರಲ್ಲಿ ಒಂದು ಕೂದಲು ಕಂಡರೆ ಮುಗಿಯಿತು. ಅದಕ್ಕೆ ಅಂತರಾಯ ಎನ್ನುತ್ತಾರೆ. ಆ ಕ್ಷಣಕ್ಕೆ ಊಟ ನಿಲ್ಲುತ್ತದೆ. ಮತ್ತೆ ಅನ್ನವಾಗಲಿ ನೀರಾಗಲಿ ಮಾರನೆಯ ದಿನವೇ.

ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲ. ಸುಡುವ ಬೇಸಿಗೆಯ ಒಂದು ಬೆಳಿಗ್ಗೆ, ವಯಸ್ಸಾದ ಮುನಿಗಳೊಬ್ಬರು ನಮ್ಮ ಬಾಗಿಲಲ್ಲಿ ನಿಂತರು. ಮನೆಯಲ್ಲಿ ಯಾರ ಕಾಲೂ ನೆಲದ ಮೇಲಿರಲಿಲ್ಲ. ಅತ್ತೆ ಬಾವಿಯಿಂದ ನೀರು ಸೇದಿ ಸೋಸಿಟ್ಟಿದ್ದರು. ಅದನ್ನು ಮುನಿಗಳ ಬೊಗಸೆಗೆ ಹಾಕುವ ಭಾಗ್ಯ ನಮ್ಮ ತಾಯಿಯದಾಯಿತು. ಮೊದಲ ಬೊಗಸೆ ನೀರು. ಅದು ತುಟಿಗೆ ತಾಗುವ ಮೊದಲೇ ಅವರು ತಡೆದು ನೋಡಿದರು. ನೀರಿನಲ್ಲಿ ಕಪ್ಪಾದ ಒಂದು ಸಣ್ಣ ಎಳೆ ತೇಲುತ್ತಿತ್ತು. ಅವರು ಮೆಲ್ಲಗೆ ಕೈ ಬಿಡಿಸಿದರು. ನೀರೆಲ್ಲ ನೆಲಕ್ಕೆ ಸುರಿಯಿತು. ಅವರ ಮುಖದಲ್ಲಿ ಬೇಸರವಿರಲಿಲ್ಲ, ಸಿಟ್ಟಿರಲಿಲ್ಲ. ನಗುತ್ತಲೇ ಆಶೀರ್ವಾದ ಮಾಡಿ ಹೊರಟರು. ಮಧ್ಯಾಹ್ನ ಕಾದ ಟಾರಿನ ಮೇಲೆ ಬರಿಗಾಲಿನಲ್ಲಿ ನುಗ್ಗೇಹಳ್ಳಿಯ ಕಡೆಗೆ ನಡೆದು ಹೋದರು ಎಂದು ಅವರನ್ನು ಕಂಡವರು ಬಂದು ಹೇಳಿದರು.

ನಮ್ಮ ತಾಯಿಗೆ ಉದ್ದವಾದ ಕೂದಲಿತ್ತು, ಬೀದಿಯಲ್ಲೆಲ್ಲ ಹೆಸರಾದ ಕೂದಲು. ಸೆರಗು ಹೊದ್ದಿದ್ದರೂ ಅಲ್ಲಿದ್ದವರ ಕಣ್ಣೆಲ್ಲ ಅತ್ತಲೇ ತಿರುಗಿತು. ಅಮ್ಮ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕಂಬಕ್ಕೆ ಒರಗಿದರು. ಆಗ ಅತ್ತೆ ನೆಲ ಒರೆಸುತ್ತಿದ್ದವರು ತಲೆಯೆತ್ತಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಅದು ಕೂದಲಲ್ಲ, ಹಗ್ಗದ ನಾರು ಕಣ್ರಮ್ಮಾ. ತುದಿ ಬಿಚ್ಕೊಂಡಿತ್ತು, ನಾನೇ ನೋಡ್ಲಿಲ್ಲ. ನೀರು ಸೇದಿದೋಳು ನಾನು." ಅಲ್ಲಿಗೆ ಮಾತು ನಿಂತಿತು. ಅಂದಿನಿಂದ ಅವರು ಹಗ್ಗದ ತುದಿಗಳನ್ನು ಕಟ್ಟಲು ಶುರುಮಾಡಿದರು. ಅದು ನಿಜಕ್ಕೂ ನಾರಾಗಿತ್ತೋ ಕೂದಲಾಗಿತ್ತೋ ಯಾರಿಗೂ ತಿಳಿಯಲಿಲ್ಲ. ಒರೆಸಿದ ಬಟ್ಟೆಯ ಜೊತೆ ಅದೂ ಹೋಗಿತ್ತು.

ಬಿಡುವಿದ್ದಾಗ ನಾನು ಇದನ್ನೇ ಯೋಚಿಸುತ್ತಾ ಕೂರುತ್ತೇನೆ. ನಮ್ಮ ಕಡೆ ಮನೆಯಿಂದ ಹೊರಡುವವರು ಯಾರೂ 'ಹೋಗ್ತೀನಿ' ಎನ್ನುವುದಿಲ್ಲ, 'ಬರ್ತೀನಿ' ಎನ್ನುತ್ತಾರೆ. ಹಾಗೆಂದು ಹೇಳಿದ ಮೇಲೂ ಬಾಗಿಲಲ್ಲಿ ಒಂದಷ್ಟು ಹೊತ್ತು, ಗೇಟಿನಲ್ಲಿ ಇನ್ನಷ್ಟು ಹೊತ್ತು, ಬಸ್ಸು ಹೊರಟಾಗ ಕಿಟಕಿಯಲ್ಲಿ ಮತ್ತೊಂದು ಮಾತು. ಸುಜಾತಳ ತಂಗಿ ಅರಕಲಗೂಡಿನಿಂದ ಬಂದು ಹೋಗುವ ದಿನವಂತೂ, ಮೂರು ದಿನ ಆಡಿದ್ದಕ್ಕಿಂತ ಹೆಚ್ಚು ಮಾತು ಚಪ್ಪಲಿ ಮೆಟ್ಟಿಕೊಂಡ ಮೇಲೆ ನಡೆಯುತ್ತದೆ. ಮೊದಲು ನನಗೆ ಇದು ಕಾಲಹರಣವೆನಿಸುತ್ತಿತ್ತು. ಈಗ ಅನ್ನಿಸುತ್ತದೆ, ನಾವೆಲ್ಲ ತುದಿ ಕಟ್ಟುತ್ತಿದ್ದೇವೆ. ಹಾಗೇ ಎದ್ದು ಹೋದರೆ ಕೂಡಿ ಕಳೆದ ಹೊತ್ತು ಆ ಕೊನೆಯಿಂದಲೇ ಬಿಚ್ಚಿಕೊಳ್ಳುತ್ತದೆಂಬ ಅಳುಕು ನಮಗಿದೆ. ಮುನಿಗಳಿಗಾದರೋ ಈ ಬಂಧನವಿಲ್ಲ. ಅವರು ಬರ್ತೀನಿ ಎನ್ನುವುದಿಲ್ಲ. ಹೋಗಿಬನ್ನಿ ಎಂದು ನಾವು ಹೇಳುವಂತೆಯೂ ಇಲ್ಲ. ಅವರದು ಬಿಟ್ಟು ಹೊರಟ ದಾರಿ. ಬಿಡಲಾರದೆ ಉಳಿದವರ ಪಾಡನ್ನು ನಾನು ಅತ್ತೆಯಲ್ಲಿ ನೋಡಿದ್ದೇನೆ.

ಅಂದು ನಗುತ್ತಲೇ ಹೊರಟುಹೋದ ಆ ಮುನಿಗಳು ಕೆಲವು ವರ್ಷಗಳ ಬಳಿಕ ಉತ್ತರದ ಯಾವುದೋ ಊರಿನಲ್ಲಿ ಅನ್ನ ನೀರು ತ್ಯಜಿಸಿ, ಸಲ್ಲೇಖನದಿಂದ ದೇಹ ಬಿಟ್ಟರೆಂದು ಸುದ್ದಿ ಬಂತು. ಆಮೇಲೂ ಅತ್ತೆ, ಹತ್ತಿರದ ತೀರ್ಥಕ್ಷೇತ್ರದ ಬೆಟ್ಟದ ಕಡೆಗೆ ಹೋಗುವ ಮುನಿಸಂಘಗಳು ನಮ್ಮೂರಿನಲ್ಲಿ ತಂಗಿದಾಗಲೆಲ್ಲ ಬಾಗಿಲಿಗೆ ರಂಗೋಲಿ ಹಾಕಿಸಿ ನಿಂತರು. ಒಮ್ಮೆ ಕೈಯಲ್ಲಿ ಕಳಶ, ಒಮ್ಮೆ ತೆಂಗಿನಕಾಯಿ, ಒಮ್ಮೆ ಎರಡೂ; ಮುನಿಗಳ ನಿಯಮ ಏನಿರಬಹುದೆಂದು ಊಹಿಸಿ ಊಹಿಸಿ, ಒಂದು ಸಲವಂತೂ ನನ್ನ ಕೈಗೆ ಮಾವಿನಹಣ್ಣು, ಸುಜಾತಳ ಕೈಗೆ ಬಾಳೆಗೊನೆ ಕೊಟ್ಟು ನಮ್ಮನ್ನು ಹಣ್ಣಿನಂಗಡಿಯಂತೆ ನಿಲ್ಲಿಸಿದ್ದರು. ಆಹಾರಕ್ಕೆ ಹೊರಟ ಗುರುತಾಗಿ ಬೆರಳುಗಳನ್ನು ಬಲ ಹೆಗಲಿಗೆ ತಾಗಿಸಿಕೊಂಡು ಬರುವ ಮುನಿಗಳು ನಮ್ಮನ್ನು ನೋಡಿ, ಕ್ಷಣ ನಿಂತಂತೆ ಮಾಡಿ, ಮುಂದೆ ನಡೆಯುತ್ತಿದ್ದರು. ಆ ಬೆನ್ನುಗಳು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಅತ್ತೆ ಕೈಮುಗಿದೇ ಇರುತ್ತಿದ್ದರು. ನನಗೆ ಮುನಿಗಳ ಮೇಲೆ ಸಿಟ್ಟು ಬರುತ್ತಿತ್ತು, ಸುಳ್ಳೇಕೆ ಹೇಳಲಿ.

ಈ ಬೇಸಿಗೆಯಲ್ಲಿ ಮತ್ತೆ ಮುನಿಗಳೊಬ್ಬರು ಬಂದರು. ಹಿಂದಿನ ದಿನ ಅತ್ತೆ ನನ್ನನ್ನು ಕರೆದು ಹೊಸ ಬಾವಿ ಹಗ್ಗವನ್ನೂ ನೂಲುಂಡೆಯನ್ನೂ ಮುಂದಿಟ್ಟರು. ಅವರ ಕೈ ಈಚೆಗೆ ನಡುಗುತ್ತದೆ. ಎಷ್ಟು ಸುತ್ತಿದರೂ ನೂಲು ಬಿಗಿಯಾಗಿ ಕೂರುತ್ತಿರಲಿಲ್ಲ.

"ನೀನೇ ಕಟ್ಟು ಮಗ," ಎಂದರು.

ನಾನು ಕಟ್ಟತೊಡಗಿದೆ. ಅತ್ತೆ ಎದುರು ಕೂತು ಒಂದೊಂದು ಸುತ್ತನ್ನೂ ನೋಡುತ್ತಿದ್ದರು. ಅಮ್ಮ ತೀರಿಕೊಂಡು ವರ್ಷಗಳೇ ಆಗಿವೆ, ಇನ್ನು ಯಾರಿಗೂ ನೋವಾಗುವುದಿಲ್ಲ ಎಂಬ ಧೈರ್ಯದಿಂದ ಕೇಳಿಬಿಟ್ಟೆ: "ಅತ್ತೆ, ಅವತ್ತು ಅದು ನಿಜವಾಗ್ಲೂ ಹಗ್ಗದ ನಾರೇನಾ?"

ಅತ್ತೆ ನನ್ನ ಮುಖ ನೋಡಲಿಲ್ಲ. "ಮಾತಾಡ್ತಾ ಕಟ್ಟಬ್ಯಾಡ, ನೂಲು ಸಡಿಲ ಆಯ್ತದೆ," ಎಂದರು. ನಾನು ಬಿಚ್ಚಿ ಮತ್ತೆ ಮೊದಲಿಂದ ಸುತ್ತಿದೆ.

ಮಾರನೆಯ ಬೆಳಿಗ್ಗೆ ನಾನೂ ಸುಜಾತಳೂ ಬಾಗಿಲಲ್ಲಿ ನಿಂತೆವು. ನನ್ನ ಕೈಯಲ್ಲಿ ಬರೀ ಒಂದು ನೀರಿನ ಕಳಶವಿತ್ತು. ಮುನಿಗಳು ಬಂದರು, ನೋಡಿದರು, ನಿಂತರು. ನನಗೆ ಕರೆಯುವ ಮಾತೇ ಅರ್ಧ ಮರೆತುಹೋಯಿತು. ಪಾದ ತೊಳೆದು ಒಳಗೆ ಕರೆದುಕೊಂಡು ಹೋಗುವಾಗ ಹಿಂದೆ ತಿರುಗಿ ನೋಡಿದರೆ ಅತ್ತೆ ಇಲ್ಲ. ಇಷ್ಟು ವರ್ಷ ಕಾದವರು, ಅಡುಗೆಮನೆಯ ಹೊಸ್ತಿಲು ದಾಟಲು ಒಪ್ಪದೆ ಹಿತ್ತಲಿಗೆ ಹೋಗಿಬಿಟ್ಟಿದ್ದರು. "ನನ್ನ ಕೈ ನಡುಗ್ತದೆ, ತಲೆಕೂದ್ಲು ಉದುರ್ತಾ ಅದೆ. ನಾನು ಬರಾಕಿಲ್ಲ, ನೀವೇ ನೋಡ್ಕಳಿ," ಎಂದು ಸುಜಾತಳ ಕೈಗೆ ಸೋಸಿದ ನೀರಿನ ತಂಬಿಗೆ ಕೊಟ್ಟು ಹೋದರಂತೆ. ಸುಜಾತ ಮೊದಲ ಬೊಗಸೆಗೆ ನೀರು ಹಾಕಿದಳು. ಮುನಿಗಳು ಆ ನೀರನ್ನು ಮೇಲಿಂದ ಕೆಳಗೆ, ಪಕ್ಕದಿಂದ ಪಕ್ಕಕ್ಕೆ ನೋಡಿದರು. ಆಮೇಲೆ ಕುಡಿದರು. ಅನ್ನ, ತೊವ್ವೆ, ಹಾಲು, ಹಣ್ಣು, ಎಲ್ಲವೂ ಯಾವ ಅಡ್ಡಿಯೂ ಇಲ್ಲದೆ ನಡೆಯಿತು.

ಅವರು ಹೊರಟದ್ದೇ ತಡ, ನಾನು ಹಿತ್ತಲಿಗೆ ಓಡಿದೆ. ಅತ್ತೆ ಬಾವಿಕಟ್ಟೆಗೆ ಒರಗಿ, ಬಿಸಿಲಿನಲ್ಲೇ ನಿಂತಿದ್ದರು.

"ಆಯ್ತು ಅತ್ತೆ! ಅಂತರಾಯ ಇಲ್ದೆ ಎಲ್ಲಾ ಮುಗೀತು," ಎಂದೆ.

ಅನ್ನ ಎಷ್ಟು ತೆಗೆದುಕೊಂಡರು, ಹಾಲು ಹಿಡಿಸಿತೇ, ಏನೆಂದು ಆಶೀರ್ವಾದ ಮಾಡಿದರು, ಇವೆಲ್ಲಕ್ಕೂ ಉತ್ತರವನ್ನು ನಾನು ನಾಲಿಗೆಯ ಮೇಲೇ ಇಟ್ಟುಕೊಂಡಿದ್ದೆ. ಅತ್ತೆ ಕೇಳಿದ್ದು ಒಂದೇ.

"ನೀರು ಕುಡುದ್ರಾ?"

"ಕುಡುದ್ರು ಅತ್ತೆ. ಬೊಗಸೆ ಬೊಗಸೆ ಕುಡುದ್ರು."

ಅವರು ತಲೆಯಾಡಿಸಿದರು. ಕಣ್ಣು ತುಂಬಿತ್ತು, ಸಂತೋಷಕ್ಕೆ ಎಂದುಕೊಂಡು ನಾನು ಹತ್ತಿರ ಹೋಗಿ ಕೈ ಹಿಡಿದೆ. ಅತ್ತೆ ಹಿತ್ತಲಿನ ಗೋಡೆಯಾಚೆಗೆ, ನುಗ್ಗೇಹಳ್ಳಿಯ ರಸ್ತೆಯ ಕಡೆಗೆ ನೋಡುತ್ತಾ, ಇಷ್ಟು ವರ್ಷದಲ್ಲಿ ಒಮ್ಮೆಯೂ ಆಡದಿದ್ದ ಮಾತನ್ನು ಆಡಿದರು.

"ಅವರು ಮಾತ್ರ ಕುಡೀಲೇ ಇಲ್ವಲ್ಲೋ ಮಗ."