ಮಧ್ಯಾಹ್ನ ಮೂರು ಗಂಟೆಯ ಫುಟ್‌ಬಾಲ್

ಮಧ್ಯಾಹ್ನ ಮೂರು ಗಂಟೆಗೆ ನೀವು ಎಂದಾದರೂ ಉಡುಪಿ ಹೋಟೆಲಿಗೆ ಹೋಗಿದ್ದೀರಾ? ಹೋಗಿರಲಾರಿರಿ. ಹೊತ್ತು ಹೊತ್ತಿಗೆ ಹಸಿವಾಗುವ ಜನ ಯಾರೂ ಆಗ ಹೋಗುವುದಿಲ್ಲ. ಊಟ ಮುಗಿದಿರುತ್ತದೆ, ಸಂಜೆಯ ತಿಂಡಿಗೆ ಎಣ್ಣೆ ಇನ್ನೂ ಕಾದಿರುವುದಿಲ್ಲ. ಕುರ್ಚಿಗಳೆಲ್ಲ ಮೇಜುಗಳ ಮೇಲೆ ಕಾಲು ಮೇಲೆ ಮಾಡಿ ಬಿದ್ದಿರುತ್ತವೆ. ಮೊನ್ನೆ ಹಲ್ಲಿನ ಡಾಕ್ಟರರ ಹತ್ತಿರ ಹೋಗಿ, ಹಿಂದಿರುಗುವಾಗ ಬಸ್ಸು ತಪ್ಪಿ, ಮೈಲಾಪೂರಿನ ನಮ್ಮ ಹಳೆಯ ಹೋಟೆಲಿಗೆ ಸರಿಯಾಗಿ ಆ ಹೊತ್ತಿಗೇ ನುಗ್ಗಿದೆ. ಆಗ ತಾನೇ ನೆಲ ಒರೆಸಿದ್ದರು. ಫಿನಾಯಿಲಿನ ವಾಸನೆ, ಅದರ ಅಡಿಯಲ್ಲಿ ಎಲ್ಲೋ ಹುಳಿಯ ವಾಸನೆ. ಅದು ಮೂಗಿಗೆ ತಾಗಿದ್ದೇ ತಡ, ನನ್ನ ಕಾಲುಗಳು ತಮ್ಮಷ್ಟಕ್ಕೆ ತಾವೇ ಆಟದ ಬೂಟು ಹುಡುಕತೊಡಗಿದವು. ತಲೆಗೆ ನೆನಪಾಗುವ ಮೊದಲೇ ಕಾಲಿಗೆ ನೆನಪಾಗಿತ್ತು.

ಗಲ್ಲಾದಲ್ಲಿ ಶೀನಣ್ಣ ಕೂತಿದ್ದರು. ಕುಂದಾಪುರದ ಕಡೆಯವರು. ಮೀಸೆ ಚಿಗುರುವ ವಯಸ್ಸಿನಲ್ಲಿ ಮದ್ರಾಸಿಗೆ ಬಂದು, ಇದೇ ಹೋಟೆಲಿನಲ್ಲಿ ಸಪ್ಲಯರ್ ಆಗಿ, ಮೀಸೆ ನೆರೆಯುವವರೆಗೂ ನಮಗೆಲ್ಲ ಬಡಿಸಿದವರು. ಮಂಡಿ ಕೈಕೊಟ್ಟ ಮೇಲೆ ಧಣಿಗಳಾದ ವಿಠಲರಾಯರು ಅವರನ್ನು ಗಲ್ಲಾಕ್ಕೆ ಕೂರಿಸಿದ್ದಾರೆ. ನನ್ನನ್ನು ಕಂಡು, "ಹ್ವಾಯ್ ಸಾರ್! ಎಷ್ಟ್ ಸಮಯ ಆಯ್ತ್ ಕಾಣದೆ! ಬನ್ನಿ, ಕೂಕಣಿ" ಎಂದು ತಾವೇ ಒಂದು ಕುರ್ಚಿ ಇಳಿಸಲು ಎದ್ದರು. ನಾನೇ ಇಳಿಸಿಕೊಂಡೆ. ಇಬ್ಬರಿಗೂ ಕಾಫಿ ಬಂತು. ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಫುಟ್‌ಬಾಲಿಗೇ ಬಂದು ನಿಂತಿತು.

ಹೌದು, ಫುಟ್‌ಬಾಲ್. ಕೆಲವು ವರ್ಷಗಳ ಕೆಳಗೆ ನಮ್ಮದೊಂದು ತಂಡವಿತ್ತು. ಪ್ರತಿ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ, ಚೆನ್ನೈಯ ಬಿಸಿಲಿನಲ್ಲಿ, ಕಾರ್ಪೊರೇಷನ್ ಮೈದಾನದಲ್ಲಿ ಆಡುತ್ತಿದ್ದೆವು. ಆ ಹೊತ್ತಿಗೆ ನಾಯಿಗಳು ಕೂಡ ನಿಂತ ಲಾರಿಯ ಅಡಿ ಬಿಟ್ಟು ಹೊರಗೆ ಬರುವುದಿಲ್ಲ. ಆದರೆ ತಂಡದ ಅರ್ಧ ಜನ ಹೋಟೆಲಿನವರು. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ಸಂಜೆ ಮತ್ತೆ ತಿಂಡಿ. ಇಡೀ ದಿನದಲ್ಲಿ ಅವರಿಗೆ ಸಿಗುವ ಬಿಡುವು ಮೂರರಿಂದ ನಾಲ್ಕೂಕಾಲರವರೆಗೆ. ಆಟವೆಂದರೆ ಅದರೊಳಗೆ ಆಡಿ ಮುಗಿಸಬೇಕು. ಒಂದು ಅನುಕೂಲವಿತ್ತು ಅನ್ನಿ: ಆ ಹೊತ್ತಿಗೆ ಮೈದಾನ ಬೇಕೆಂದು ನಮ್ಮೊಡನೆ ಯಾರೂ ಜಗಳಕ್ಕೆ ಬರುತ್ತಿರಲಿಲ್ಲ.

ಇನ್ನರ್ಧ ನಾವು. ಅಜ್ಜನ ಕಾಲದಿಂದ ಇಲ್ಲೇ ಬೇರು ಬಿಟ್ಟು, ಸಾರಿಗೆ ರಸಂ ಎನ್ನುವಷ್ಟು ಕೆಟ್ಟುಹೋದ ಮೈಲಾಪೂರಿನ ಮಾಧ್ವರು. ಬ್ಯಾಂಕು, ಆಡಿಟ್ ಆಫೀಸು ಎಂದು ದಿನವಿಡೀ ಕೂತು ಹೊಟ್ಟೆ ಬೆಳೆಸಿದವರು. ಏಕಾದಶಿಯ ಭಾನುವಾರ ನಮ್ಮಲ್ಲಿ ಕೆಲವರು ನೀರೂ ಮುಟ್ಟದೆ ಆಡುತ್ತಿದ್ದರು. ದ್ವಾದಶಿಯ ಭಾನುವಾರವಾದರೆ ಪಾರಣೆಯ ಭಾರಕ್ಕೆ ಆಡುತ್ತಲೇ ಇರಲಿಲ್ಲ, ಸುಮ್ಮನೆ ನಿಲ್ಲುತ್ತಿದ್ದರು. ನನ್ನ ಹೆಂಡತಿ ಪ್ರತಿ ವಾರವೂ ಬಾಗಿಲಲ್ಲಿ ನಿಂತು, ಹೊರಗಿನ ಬಿಸಿಲು ತೋರಿಸಿ, ನಮ್ಮ ಅರ್ಧ ತಮಿಳಿನ ಕನ್ನಡದಲ್ಲಿ, "ಈ ವೆಯಿಲಲ್ಲಿ ಇದೆಲ್ಲ ತೇವೆಯಾ ನಿಮಗೆ? ಬಿದ್ದು ಗಿದ್ದು ಬಂದರೆ ನಾನು ಕೇಳೋದಿಲ್ಲ, ಈಗಲೇ ಹೇಳಿಬಿಟ್ಟಿದೀನಿ" ಎನ್ನುತ್ತಿದ್ದಳು. ಬಿದ್ದು ಬಂದಾಗಲೆಲ್ಲ ಅರಿಸಿನ ಹಚ್ಚುತ್ತ ವಿವರವಾಗಿ ಕೇಳುತ್ತಿದ್ದಳು.

ಅಂಗಿಗಳನ್ನು ವಿಠಲರಾಯರು ಹೊಲಿಸಿಕೊಟ್ಟಿದ್ದರು. ಬೆನ್ನ ಮೇಲೆ ಹೋಟೆಲಿನ ಬೋರ್ಡಿನಲ್ಲಿದ್ದ ಹಾಗೆಯೇ "ಹೈ ಕ್ಲಾಸ್ ವೆಜಿಟೇರಿಯನ್" ಎಂದು ದಪ್ಪ ಅಕ್ಷರ. ನಮ್ಮ ಆಟ ನೋಡಿದವರು ಅದರಲ್ಲಿ ವೆಜಿಟೇರಿಯನ್ ಎಂಬುದನ್ನಷ್ಟೇ ನಂಬುತ್ತಿದ್ದರು. ರಾಯರೇ ನಮ್ಮ ನಾಯಕರು, ಅವರೇ ಗೋಲ್‌ಕೀಪರ್. ಗಲ್ಲಾದಲ್ಲಿ ಕೂತು ಅಭ್ಯಾಸವಾದವರು, ಕೈಗೆ ಬಂದದ್ದನ್ನು ಬಿಡಲಾರರು ಎಂದು ನಿಲ್ಲಿಸಿದ್ದೆವು. ಅವರು ಒಳಗೆ ಬರುವವರನ್ನು ತಡೆದೇ ಗೊತ್ತಿಲ್ಲದವರು ಎಂಬುದು ಆಮೇಲೆ ತಿಳಿಯಿತು. ಆದರೆ ನಾಯಕನನ್ನು ಬದಲಿಸಿದರೆ ತಿಂಡಿ ಹೋಗುತ್ತಿತ್ತು.

ತಿಂಡಿಯ ವಿಷಯ ಹೇಳಲೇಬೇಕು. ಗೆದ್ದರೂ ಸೋತರೂ ಎದುರಾಳಿಗಳಿಗೆ ಸಂಜೆಯ ಮೊದಲ ಒಬ್ಬೆ ಬಜ್ಜಿ, ಕಾಫಿ ನಮ್ಮ ಹೋಟೆಲಿನಲ್ಲಿ. ಅದು ರಾಯರ ಕಟ್ಟಳೆ. "ಮನೆ ತನಕ ಬಂದವರನ್ನ ಹಾಗೇ ಕಳಿಸ್ಲಿಕ್ಕುಂಟಾ?" ಎನ್ನುತ್ತಿದ್ದರು. ಹೀಗಾಗಿ ನಮ್ಮನ್ನು ಸೋಲಿಸಲು ಪ್ಯಾರೀಸ್ ಕಾರ್ನರಿನ ಅಂಗಡಿಯವರಿಂದ ಹಿಡಿದು ಎಲ್ಲೆಲ್ಲಿಂದಲೋ ಜನ ಸರದಿ ನಿಂತು ಬರುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಸಲ ಬಂದವರು ಮಣಲಿಯ ಕಾರ್ಖಾನೆಯೊಂದರ ಹುಡುಗರು. ಬಾಯ್ಲರಿನ ಪಕ್ಕ ನಿಂತು ದುಡಿಯುವ ಅವರಿಗೆ ನಮ್ಮ ಮೂರು ಗಂಟೆಯ ಬಿಸಿಲು ಲೆಕ್ಕಕ್ಕೇ ಇರಲಿಲ್ಲ.

ಇಂಥ ತಂಡದಲ್ಲಿ ಆಟ ಬಲ್ಲವರು ಒಬ್ಬರೇ, ಶೀನಣ್ಣ. ಒಂದು ಕೈಯಲ್ಲಿ ನಾಲ್ಕು ಲೋಟ, ಇನ್ನೊಂದು ತೋಳಿನ ಮೇಲೆ ಸಾಲಾಗಿ ದೋಸೆಯ ತಟ್ಟೆ ಹೊತ್ತು, ಭಾನುವಾರದ ನೂಕುನುಗ್ಗಲಿನಲ್ಲಿ ಹನಿ ಚೆಲ್ಲದೆ ಓಡಾಡಿದ ದೇಹ ಅದು. ಚೆಂಡು ಕಾಲಿಗೆ ಸಿಕ್ಕಿತೆಂದರೆ ಸೊಂಟ ಅತ್ತ, ಭುಜ ಇತ್ತ, ಇಬ್ಬರ ನಡುವಿನ ಸಂದಿಯಲ್ಲಿ ಆಸಾಮಿ ಆಚೆ. ಅಭ್ಯಾಸಬಲದಿಂದ "ಸೂಡು ಸೂಡು! ಸೈಡು!" ಎಂದು ಕೂಗಿಕೊಂಡೇ ಓಡುತ್ತಿದ್ದರು. ಬಿಸಿ ಸಾಂಬಾರು ಬರುತ್ತಿದೆ, ದಾರಿ ಬಿಡಿ ಎಂದು ಸಪ್ಲಯರ್‌ಗಳು ಕೂಗುವ ಕೂಗು. ಈ ಊರಿನಲ್ಲಿ ಒಮ್ಮೆಯಾದರೂ ಹೋಟೆಲಿನಲ್ಲಿ ಉಂಡವನು ಆ ಕೂಗಿಗೆ ಪಕ್ಕಕ್ಕೆ ಸರಿಯದೆ ಇರಲಾರ. ಮಣಲಿಯ ದಾಂಡಿಗರೂ ಸರಿಯುತ್ತಿದ್ದರು. ಸರಿದಾದ ಮೇಲೆ ತಮ್ಮ ತಲೆಯನ್ನು ತಾವೇ ಬಡಿದುಕೊಳ್ಳುತ್ತಿದ್ದರು.

ಆದರೂ ಶೀನಣ್ಣ ಒಂದೇ ಒಂದು ಗೋಲೂ ಹೊಡೆದವರಲ್ಲ. ಗೋಲಿನ ಮುಂದೆ ಬಂದು ನಿಂತರೆ ಅವರ ಕಣ್ಣು ಗೋಲನ್ನು ನೋಡುತ್ತಿರಲಿಲ್ಲ, ನಮ್ಮನ್ನು ಹುಡುಕುತ್ತಿತ್ತು. ಯಾರಾದರೂ ಒಬ್ಬರು ಕಂಡದ್ದೇ ಚೆಂಡನ್ನು ಅವರ ಕಾಲಬುಡಕ್ಕೆ ನಯವಾಗಿ ಇಟ್ಟುಬಿಡುತ್ತಿದ್ದರು. ನಾವೋ ಅದನ್ನು ಆಕಾಶಕ್ಕೆ ಹಾರಿಸುತ್ತಿದ್ದೆವು. ಶೀನಣ್ಣ ಬೇಸರಿಸುತ್ತಿರಲಿಲ್ಲ. ಬಡಿಸಿದ್ದನ್ನು ಉಣ್ಣುವುದು ಬಿಡುವುದು ಗಿರಾಕಿಗೆ ಸೇರಿದ್ದು ಎಂಬ ಹಾಗೆ ನಕ್ಕು ಹಿಂದಕ್ಕೆ ಓಡುತ್ತಿದ್ದರು.

ಕೊನೆಗೊಂದು ವರ್ಷ ಡಾಕ್ಟರರು ಅವರ ಮಂಡಿ ನೋಡಿ, ಇನ್ನು ಓಡಿದರೆ ನಡೆಯುವುದಕ್ಕೂ ಆಗುವುದಿಲ್ಲ ಎಂದರು. ಮುಂದಿನ ಭಾನುವಾರದ್ದೇ ಕೊನೆಯ ಆಟ ಎಂದು ತೀರ್ಮಾನವಾಯಿತು. ಶನಿವಾರ ನನ್ನ ಮುಂದೆ ಇಡ್ಲಿ ಇಟ್ಟು ಶೀನಣ್ಣ ಅಲ್ಲಾಡದೆ ನಿಂತರು. ಹಾಗೆ ನಿಲ್ಲುವವರಲ್ಲ ಅವರು.

"ಸಾರ್, ನಾಳೆ ಮಗ್ಳ್ ಬತ್ತಿತ್, ಆಟ ಕಾಂಬುಕೆ."

ಮಗಳು ರಮ್ಯಾ ಆಗ ಹತ್ತನೆಯ ತರಗತಿ. ಶಾಲೆಯ ತಂಡದಲ್ಲಿ ಗೋಲ್‌ಕೀಪರ್, ನಿಜವಾದ ಗೋಲ್‌ಕೀಪರ್. ಅಪ್ಪ ಕನ್ನಡದಲ್ಲಿ ಮಾತಾಡಿದರೆ ಅವಳ ಉತ್ತರ ತಮಿಳಿನಲ್ಲಿ. ಅಪ್ಪನೂ ಆಡುತ್ತಾರೆಂದು ಅವಳಿಗೆ ಗೊತ್ತಿತ್ತು, ನೋಡಲು ಮಾತ್ರ ಎಂದೂ ಬಂದಿರಲಿಲ್ಲ. ಹಿಂದಿನ ರಾತ್ರಿ ಊಟಕ್ಕೆ ಕೂತಾಗ, ಇಷ್ಟು ವರ್ಷದಲ್ಲಿ ಒಂದು ಗೋಲಾದರೂ ಹೊಡೆದಿದ್ದೀಯಾ ಎಂದು ಕೇಳಿದಳಂತೆ. ಅಪ್ಪ ಮಜ್ಜಿಗೆ ಬೇಕಾ ಎಂದು ಕೇಳಿ ಮಾತು ತಪ್ಪಿಸಿದರಂತೆ.

"ಒಂದ್ ಹೊಡಿಕ್ ಸಾರ್. ಒಂದೇ ಒಂದ್. ಅದ್ರ ಕಣ್ಣೆದ್ರಿಗೆ."

ಅವರ ಬಾಯಿಂದ ತಮಗೆ ಏನಾದರೂ ಬೇಕು ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಸಂಜೆಯೊಳಗೆ ತಂಡಕ್ಕೆಲ್ಲ ಫೋನು ಮಾಡಿದೆ: ನಾಳೆ ಚೆಂಡು ಯಾರಿಗೆ ಸಿಕ್ಕರೂ ಶೀನಣ್ಣನಿಗೆ.

ಭಾನುವಾರ ಹಾಗೆಯೇ ಮಾಡಿದೆವು. ನಾವು ಶೀನಣ್ಣನಿಗೆ ಕೊಟ್ಟೆವು, ಶೀನಣ್ಣ ನಮಗೆ ಕೊಟ್ಟರು. ನಾವು ಮತ್ತೆ ಅವರಿಗೆ ಕೊಟ್ಟೆವು, ಅವರು ಮತ್ತೆ ನಮಗೆ. ಬೀಗರ ಮನೆಯ ಉಪಚಾರದಂತೆ "ನೀವು ತಗೊಳ್ಳಿ, ಇಲ್ಲ ನೀವು ತಗೊಳ್ಳಿ" ನಡೆಯುತ್ತಿರುವಾಗ ಮಣಲಿಯ ಹುಡುಗರು ಮಧ್ಯೆ ಬಂದು ಚೆಂಡನ್ನು ಕೊಂಡೊಯ್ದು ನಾಲ್ಕೋ ಐದೋ ಗೋಲು ಹೊಡೆದರು. ರಮ್ಯಾ ಗೆರೆಯ ಹೊರಗೆ ಬೇವಿನ ನೆರಳಿನಲ್ಲಿ ಶಾಲೆಯ ಟೋಪಿ ಹಾಕಿಕೊಂಡು ಕೈಕಟ್ಟಿ ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯ ನಮಗ್ಯಾರಿಗೂ ಆಗಲಿಲ್ಲ.

ಅರ್ಧ ಆಟವಾದಾಗ ರಾಯರು ಶೀನಣ್ಣನ ಹೆಗಲು ಹಿಡಿದು ಅಲುಗಿಸಿದರು. "ಶೀನಾ, ಇವತ್ತು ನೀನು ಸಪ್ಲಯರ್ ಅಲ್ಲ ಮಾರಾಯ, ಗಿರಾಕಿ. ಬಂದದ್ದನ್ನ ನೀನೇ ತಿನ್ನಬೇಕು. ತಿಳೀತಾ?"

"ಹ್ಞೂಂ ಧಣಿ" ಎಂದರು ಶೀನಣ್ಣ. ಎಂದು, ತಮ್ಮ ಪಾಲಿನ ನೀರಿನ ಬಾಟಲಿಯನ್ನು ಮೊದಲು ನನಗೆ ಕೊಟ್ಟರು.

ಆಟ ಇನ್ನೇನು ಮುಗಿಯುತ್ತದೆ ಎನ್ನುವಾಗ ಆ ಗಳಿಗೆ ಬಂತು. ನಡು ಮೈದಾನದಲ್ಲಿ ಚೆಂಡು ಶೀನಣ್ಣನ ಕಾಲಿಗೆ ಬಿತ್ತು. "ಸೂಡು ಸೂಡು!" ಎಂದು ಹೊರಟರು. ಕುಂಟುತ್ತಿದ್ದರು, ಆದರೂ ಒಬ್ಬನ ಬಲಕ್ಕೆ, ಇನ್ನೊಬ್ಬನ ಎಡಕ್ಕೆ, ಮೂರನೆಯವನು ತಾನಾಗಿಯೇ ದಾರಿ ಬಿಟ್ಟ. ಅವರ ಗೋಲ್‌ಕೀಪರ್ ಮುನ್ನುಗ್ಗಿ ಬಂದು ಜಾರಿ ಬಿದ್ದ. ಈಗ ಶೀನಣ್ಣನ ಮುಂದೆ ಬರಿಯ ಗೋಲು, ಮತ್ತೇನೂ ಇಲ್ಲ. ನಾವೆಲ್ಲ "ಹೊಡೀರಿ!" ಎಂದು ಕಿರುಚಿದೆವು. ನಾನೂ ಆ ಬದಿಯಲ್ಲಿ ನಿಂತು ಕೈ ಬೀಸಿ ಕಿರುಚಿದೆ. ಕಿರುಚಬಾರದಿತ್ತೋ ಏನೋ, ಅವರು ತಿರುಗಿ ನನ್ನನ್ನು ನೋಡಿದರು. ಕೈಯೆತ್ತಿ ಕರೆಯುವ ಗಿರಾಕಿಯನ್ನು ಕಂಡ ಮುಖ ಅದು. ಮರುಕ್ಷಣ ಚೆಂಡು ನನ್ನತ್ತ ಬಂತು. ನಾನು ಒದೆಯಲೂ ಇಲ್ಲ, ತಪ್ಪಿಸಿಕೊಳ್ಳಲು ನೋಡಿದೆ. ಅದು ನನ್ನ ಮೊಣಕಾಲಿಗೆ ಬಡಿದು ನೆಟ್ಟಗೆ ಗೋಲಿನೊಳಗೆ ಹೋಯಿತು.

ಎಲ್ಲರೂ ನನ್ನನ್ನು ಎತ್ತಿಕೊಂಡರು. ಎಲ್ಲರಿಗಿಂತ ಗಟ್ಟಿಯಾಗಿ ಚಪ್ಪಾಳೆ ತಟ್ಟಿದವರು ಶೀನಣ್ಣ. ಅಷ್ಟರಲ್ಲಿ ಸೀಟಿ ಊದಿದರು. ನಾನು ಅಂದು ಅವರ ಹೆಗಲ ಮೇಲೆ ಕೂತು ಅನುಭವಿಸಿದಷ್ಟು ಸಂಕಟವನ್ನು ಗೋಲು ಹೊಡೆದ ಯಾವನೂ ಅನುಭವಿಸಿರಲಾರ.

ರಮ್ಯಾ ಗೆರೆ ದಾಟಿ ನೇರ ಅಪ್ಪನ ಮುಂದೆ ಬಂದು ನಿಂತಳು. "ಏನಪ್ಪಾ ಪಾಸ್ ಪಣ್ಣೀಂಗ? ಗೋಲ್ ಕಾಲಿಯಾ ಇರುಂದುದೇ!" ಗೋಲು ಖಾಲಿ ಇತ್ತಲ್ಲ, ಯಾಕೆ ಪಾಸು ಮಾಡಿದೆ ಎಂದು ಅವಳ ಸಿಟ್ಟು. ಕಣ್ಣಲ್ಲಿ ನೀರು ತುಂಬಿತ್ತು.

ಶೀನಣ್ಣ ತಪ್ಪು ಮಾಡಿದವರ ಹಾಗೆ ಹೆಗಲ ಮೇಲಿನ ಟವೆಲ್ ತಡಕಾಡಿದರು. ಅಲ್ಲಿ ಟವೆಲ್ ಇರಲಿಲ್ಲ. "ಸಾರ್ ಅಲ್ಲಿ ಸುಮ್ನೆ ನಿತ್ಕಂಡಿದ್ರಲೆ ಮಗಾ. ಅವ್ರನ್ನ ಬಿಟ್ ನಾನೊಬ್ನೇ ಹ್ಯಾಂಗ್ ಇಟ್ಕಂಬುದ್?"

ಹುಡುಗಿ ಚೆಂಡನ್ನು ತಂದು ಗೋಲಿನ ಎದುರು ನೆಲದ ಮೇಲಿಟ್ಟಳು. ಟೋಪಿಯನ್ನು ತಿರುಗಿಸಿ ಹಾಕಿಕೊಂಡು ಗೋಲಿನ ನಡುವೆ ಹೋಗಿ ನಿಂತು, ಮಂಡಿ ಬಗ್ಗಿಸಿ, ಎರಡೂ ಕೈ ಅಗಲಿಸಿದಳು. "ಅಡಿಂಗಪ್ಪಾ!" ಹೊಡಿ.

ಆಗಲೇ ನಾಲ್ಕು ದಾಟಿತ್ತು. ಹೋಟೆಲಿನಲ್ಲಿ ಒಲೆ ಹಚ್ಚಬೇಕಿತ್ತು. ಶೀನಣ್ಣ ಧಣಿಗಳ ಮುಖ ನೋಡಿದರು. ರಾಯರು ಮೈದಾನದ ಆಚೆ ತುದಿಯಲ್ಲಿ ಏನೋ ಕಳೆದುಕೊಂಡವರ ಹಾಗೆ ಅತ್ತ ತಿರುಗಿ ನಿಂತರು.

ಮೊದಲ ಸಲ ಶೀನಣ್ಣ ಮಗಳ ಕೈಗೆ ಇಟ್ಟ ಹಾಗೆ ಮೆಲ್ಲಗೆ ಹೊಡೆದರು. ಅವಳು ಹಿಡಿದು, ಉರಿದುಬಿದ್ದು, ಹಿಂದಕ್ಕೆ ಎಸೆದಳು. ಎರಡನೆಯದನ್ನು ಜಿಗಿದು ತಡೆದಳು. ಅದರ ಮುಂದಿನದನ್ನೂ ತಡೆದಳು. ನಾವು, ಬಿಟ್ಟುಕೊಡಬಾರದೇ ಹುಡುಗಿ, ಒಂದು ಬಿಟ್ಟರೆ ಏನು ಹೋಗುತ್ತದೆ ಎಂದು ಗೊಣಗುತ್ತಿದ್ದೆವು. ಅವಳು ಬಿಡಲಿಲ್ಲ. ಮಣಲಿಯವರು ಕೂಡ ಬಜ್ಜಿಯನ್ನು ಮರೆತು ಸುತ್ತ ನಿಂತಿದ್ದರು. ಹೊಡೆದಷ್ಟೂ ಶೀನಣ್ಣನ ಮುಖ ಬೇರೆಯಾಗುತ್ತ ಬಂತು. ಅತ್ತಿತ್ತ ನೋಡುವುದು ನಿಂತಿತು. ನಮ್ಮಲ್ಲಿ ಯಾರೂ ಅವರ ಕಣ್ಣಿಗೆ ಬೀಳುತ್ತಿಲ್ಲ ಎಂಬುದು ನನಗೆ ಸ್ಪಷ್ಟವಾಗಿ ಕಂಡಿತು. ಹುಬ್ಬು ಗಂಟಿಕ್ಕಿ, ಹಲ್ಲು ಕಚ್ಚಿ, ನೋವಿನ ಕಾಲನ್ನು ಊರಿ, ಎಡಗಾಲಿನಲ್ಲಿ ಬಾರಿಸಿದರು. ರಮ್ಯಾ ಪೂರಾ ಮೈ ಚಾಚಿ ಹಾರಿದಳು. ಚೆಂಡು ಅವಳ ಬೆರಳ ತುದಿ ಸವರಿಕೊಂಡು ಒಳಗೆ ಹೋಯಿತು. ಅವಳು ಮಣ್ಣಿನಲ್ಲಿ ಬಿದ್ದಿದ್ದಳು, ಮೊಣಕೈ ತರಚಿ ರಕ್ತ ಬರುತ್ತಿತ್ತು. ಶೀನಣ್ಣ ಅವಳನ್ನು ಎತ್ತಲು ಓಡಲಿಲ್ಲ. ನಿಂತಲ್ಲೇ ಎರಡೂ ಕೈ ಮೇಲೆತ್ತಿ, ಆಕಾಶ ನೋಡಿ, ಅರ್ಥವಿಲ್ಲದ ಒಂದು ಕೂಗು ಕೂಗಿದರು. ನನಗೆ ಅಳು ಬಂತು. ಬೆವರು ಎಂದು ಹೇಳಿಕೊಂಡೆ.

ಅಂದು ಬಜ್ಜಿ ತಡವಾಯಿತು.

ಮೊನ್ನೆ ಕಾಫಿ ಕುಡಿಯುತ್ತ, ಇಷ್ಟು ವರ್ಷ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. "ಶೀನಣ್ಣ, ನಿಜ ಹೇಳಿ. ಆವತ್ತು ಅವಳು ಬೇಕೂಂತ ಬಿಟ್ಟಳಾ?"

"ಬಿಡೂದಾ? ಅದಾ?" ಶೀನಣ್ಣ ಗಲ್ಲಾದ ಮೇಜನ್ನು ಗುದ್ದಿದರು. "ಕಾಲೇಜ್ ಟೀಮಿಗೆ ಆಡ್ತಿತ್ ಈಗ. ಇವತ್ತಿಗೂ ಆ ಗೋಲಿನ್ ಮೇಲೆ ಸಿಟ್ಟಿತ್ ಅದಕ್ಕೆ. ಸೂರ್ಯ ಕಣ್ಣಿಗೆ ಹೊಡೀತಿತ್ತಂಬ್ರ್, ಇಲ್ದಿದ್ರೆ ಹಿಡೀತಿತ್ತಂಬ್ರ್! ಸೂರ್ಯ ಎಲ್ಲಿತ್ ಸಾರ್? ಹೇಳಿ ನೀವೇ. ಸೂರ್ಯ ಇದ್ದದ್ ನನ್ನ್ ಎದ್ರಿಗೆ!"

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಇಬ್ಬರು ಇಣುಕಿ, ತಿನ್ನಲು ಏನಾದರೂ ಇದೆಯೇ ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಶೀನಣ್ಣ ಹಸಿದು ಬಂದವರನ್ನು ಹಾಗೇ ಕಳಿಸಿದ್ದನ್ನು ನಾನು ಕಂಡಿಲ್ಲ. ಮೂರು ಗಂಟೆಯಾದರೂ ಒಳಗೆ ಹೋಗಿ ಉಳಿದ ಮೊಸರನ್ನವನ್ನಾದರೂ ತಂದಿಡುತ್ತಿದ್ದವರು. ನಾನು ಅವರು ಏಳಲೆಂದು ಕುರ್ಚಿ ಸರಿಸಿ ದಾರಿ ಮಾಡಿದೆ.

"ನಾಲು ಮಣಿಕ್ಕು ವಾಂಗ ಸಾರ್" ಎಂದು ಕೂತಲ್ಲಿಂದಲೇ ನಾಲ್ಕಕ್ಕೆ ಬರಹೇಳಿ, ಶೀನಣ್ಣ ನನ್ನ ಕಡೆ ತಿರುಗಿದರು. ಕಣ್ಣು ಹೊಳೆಯುತ್ತಿತ್ತು. "ಕೇಣಿ ಸಾರ್, ಮುಗಿಲಿಲ್ಲೆ ಇನ್ನೂ. ಎಡಗಾಲಗೆ ಹೊಡ್ದದ್ದ್ ನಾನು..."