ಎಡರೆಕ್ಕೆ ಅತ್ತೆಯದು

ನಮ್ಮ ಗ್ಯಾರೇಜಿನಲ್ಲಿ ಐದು ವರ್ಷ ಕಾರು ನಿಲ್ಲಲಿಲ್ಲ. ಚಳಿಗಾಲದ ಬೆಳಿಗ್ಗೆ ನನ್ನ ಗಂಡ ಕಾರಿನ ಮೇಲಿನ ಹಿಮ ಕೆರೆಯುತ್ತ ನನ್ನನ್ನು ಬೈದುಕೊಳ್ಳುತ್ತಿದ್ದರೆ, ಒಳಗೆ ಬೆಚ್ಚಗೆ ಇರುತ್ತಿದ್ದದ್ದು ನಾನು ಕಟ್ಟುತ್ತಿದ್ದ ಎರಡು ಸೀಟಿನ ವಿಮಾನ. ಮ್ಯಾನ್‌ಹಟನ್ನಿಗೆ ಗಂಟೆಯ ದೂರದ ಪಾರ್ಸಿಪನಿಯ ನಮ್ಮ ಬೀದಿಯಲ್ಲಿ ನನಗೆ ತಲೆ ಕೆಟ್ಟಿದೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನನ್ನ ಪಕ್ಷದಲ್ಲಿದ್ದವರು ಒಬ್ಬರೇ, ಮೈಸೂರಿನಿಂದ ಬಂದು ಹೋಗುತ್ತಿದ್ದ ನನ್ನ ಅತ್ತೆ.

ಮೂರು ಸಲ ಬಂದರು, ಬಂದಾಗಲೆಲ್ಲ ಆರಾರು ತಿಂಗಳು. ಸೀರೆಯ ಕೆಳಗೆ ನನ್ನ ಹಳೆಯ ಸ್ನೀಕರ್ಸ್, ಕಿವಿಗೆ ಸದ್ದು ತಡೆಯುವ ದಪ್ಪನೆಯ ಮಫ್. ತಗಡು ಬೆಸೆಯುವ ರಿವೆಟ್ ಮೊಳೆಗೆ ನಾನು ಈ ಕಡೆಯಿಂದ ಗನ್ ಒತ್ತಿದರೆ, ಆ ಕಡೆಯಿಂದ ಕಬ್ಬಿಣದ ತುಂಡು ಹಿಡಿದು ಅದುಮುತ್ತಿದ್ದವರು ಅವರು. ಎಡರೆಕ್ಕೆ ಪೂರ್ತಿ ಹಾಗೆಯೇ ಆಯಿತು. ಒಂದು ರಿವೆಟ್ ಸೊಟ್ಟಗಾದರೂ ಬಿಡುತ್ತಿರಲಿಲ್ಲ.

"ತೆಗಿ, ಬೇರೆ ಹೊಡಿ. ಅಷ್ಟೆತ್ತರದಲ್ಲಿ ಯಾರು ಬಂದು ರಿಪೇರಿ ಮಾಡ್ತಾರೆ?"

ಸ್ವಂತವಾಗಿ ಕಟ್ಟಿದ ವಿಮಾನವೆಂದರೆ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕು. ಅದಕ್ಕೆ ಫೋಟೋ ಸಾಕ್ಷಿ ಬೇಕು. ವಿಮಾನವನ್ನು ಹತ್ತಿರದ ಸಣ್ಣ ಏರ್‌ಪೋರ್ಟಿನ ಹ್ಯಾಂಗರಿಗೆ ಸಾಗಿಸಿದ ಮೇಲೆ ಪರೀಕ್ಷಿಸಲು ಬಂದ ಇನ್‌ಸ್ಪೆಕ್ಟರ್ ನನ್ನ ಫೋಟೋಗಳನ್ನು ತಿರುವಿದ. ಎರಡರಲ್ಲೊಂದು ಫೋಟೋದಲ್ಲಿ ಸೀರೆಯುಟ್ಟ ಅಜ್ಜಿ. ಪಕ್ಕದಲ್ಲೇ ನಿಂತಿದ್ದ ಅತ್ತೆಯನ್ನು ನೋಡಿ ಹುಬ್ಬೇರಿಸಿದ. ಅತ್ತೆ ಎದೆ ಮುಟ್ಟಿಕೊಂಡು, "ಲೆಫ್ಟ್ ವಿಂಗ್, ಮೀ" ಅಂದರು. ಅವನು ಕೈ ಕುಲುಕಿ ಸಹಿ ಹಾಕಿದ. ನಾನು ಹ್ಯಾಂಗರಿನಲ್ಲಿ ಕುಣಿದುಬಿಟ್ಟೆ.

ಪೈಲಟ್ ಲೈಸೆನ್ಸ್ ನನ್ನ ಬಳಿ ಆಗಲೇ ಇತ್ತು, ಸಣ್ಣ ವಿಮಾನಗಳ ಸ್ಪೋರ್ಟ್ ಪೈಲಟ್ ಲೈಸೆನ್ಸ್. ಅದಕ್ಕೆ ವೈದ್ಯರ ಸರ್ಟಿಫಿಕೇಟ್ ಕೂಡ ಬೇಕಿಲ್ಲ, ಕಾರಿನ ಡ್ರೈವಿಂಗ್ ಲೈಸೆನ್ಸ್ ಸಾಕು. "ಇನ್ನೂರ ಎಂಬತ್ತೇಳನೇ ಹೈವೇಲಿ ನೀನು ಕಾರು ಓಡಿಸೋದನ್ನ ಅವರು ನೋಡಿಲ್ಲ" ಎಂದು ಗಂಡ ಗೊಣಗಿದರು. ಅವರು ಕೊನೆಗೂ ವಿಮಾನ ಹತ್ತಲಿಲ್ಲ, ನಾನೂ ಕರೆಯಲಿಲ್ಲ.

ತೊಡಕು ಇದ್ದದ್ದು ಇನ್ನೊಂದು ನಿಯಮದಲ್ಲಿ. ಮೊದಲ ನಲವತ್ತು ಗಂಟೆ ಪರೀಕ್ಷೆಯ ಹಾರಾಟ, ಪಕ್ಕದ ಸೀಟಿನಲ್ಲಿ ಯಾರನ್ನೂ ಕೂರಿಸುವಂತಿಲ್ಲ. ಅತ್ತೆಯ ವಾಪಸ್ ಟಿಕೆಟ್ ನವೆಂಬರ್ ಮೊದಲ ವಾರಕ್ಕಿತ್ತು. ಎಪ್ಪತ್ತಾರಾಗಿತ್ತು, ಮಂಡಿ ಕೈಕೊಟ್ಟಿತ್ತು, ಇದೇ ಕೊನೆಯ ಪ್ರಯಾಣ ಎಂದು ಅವರೇ ಹೇಳಿದ್ದರು. "ಮೊದಲು ಕೂರೋಳು ನಾನೇ" ಎಂದೂ ಹೇಳಿದ್ದರು. ಸೆಪ್ಟೆಂಬರಿನಿಂದ ನಾನು ಆಫೀಸು ಮುಗಿಸಿ, ವೀಕೆಂಡ್ ಬಿಡದೆ, ಬೆಳಕಿರುವಷ್ಟು ಹೊತ್ತು ಹುಚ್ಚಿಯಂತೆ ಹಾರಿದೆ.

ಇಪ್ಪತ್ತೇಳು ಗಂಟೆ ಆಗಿದ್ದಾಗ ಆಯುಧಪೂಜೆ ಬಂತು. ಪೂಜೆ ಮಾಡದೆ ಅತ್ತೆ ಬಿಡುತ್ತಾರೆಯೇ? ಪ್ರೊಪೆಲರಿಗೆ ಸೇವಂತಿಗೆ, ಚಕ್ರದ ಕೆಳಗೆ ನಿಂಬೆಹಣ್ಣು, ಕಂಡಕಂಡಲ್ಲಿ ಗಂಧ, ಕುಂಕುಮ. ಹಾರ ತೆಗೆದು, ತೆಂಗಿನಕಾಯಿಯ ಚೂರು ಬಾಯಿಗೆ ಹಾಕಿಕೊಂಡು ಹೊರಟೆ. ರನ್‌ವೇ ಮೇಲೆ ವಿಮಾನ ಓಡುತ್ತಿದೆ, ವೇಗ ತೋರಿಸುವ ಸೂಜಿ ಮಾತ್ರ ಸೊನ್ನೆಯಲ್ಲೇ ಇದೆ! ಬ್ರೇಕ್ ಒತ್ತಿ ನಿಲ್ಲಿಸಿ, ಹ್ಯಾಂಗರಿಗೆ ವಾಪಸ್ ತಂದು, ಇಳಿದು ನೋಡಿದರೆ, ಎಡರೆಕ್ಕೆಯ ಕೆಳಗಿನ ಬೆರಳುದ್ದದ ಕೊಳವೆಯ ಬಾಯಿಗೆ ಗಂಧ ಮೆತ್ತಿ, ಮೇಲೆ ಕುಂಕುಮ ಇಟ್ಟಿತ್ತು. ಎದುರುಗಾಳಿ ಆ ತೂತಿನೊಳಗೆ ನುಗ್ಗಿದರೇ ಸೂಜಿ ಏಳುವುದು.

"ಯಾರು ಇಲ್ಲಿ ಬಳಿದದ್ದು?" ಎಂದು ಕಿರುಚಿದೆ.

"ಮೂಗಿನ ಹಾಗಿತ್ತಲ್ಲಮ್ಮ, ಅಲ್ಲೂ ಒಂದಿಟ್ಟೆ" ಅಂದರು ಅತ್ತೆ ಮೆಲ್ಲಗೆ.

ಹೊರಡುವ ಮುನ್ನ ಆ ತೂತು ನೋಡಬೇಕಾದದ್ದು ನನ್ನ ಕೆಲಸ. ಕಾಯಿ ತಿನ್ನುವ ಆತುರದಲ್ಲಿ ನೋಡಿರಲಿಲ್ಲ. ಆದರೂ ಅತ್ತೆಯ ಮೇಲೆ ಎರಡು ದಿನ ಮುಖ ಊದಿಸಿಕೊಂಡಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಕೊಳವೆ ಬಿಚ್ಚಿ, ತೊಳೆದು, ಮತ್ತೆ ಪರೀಕ್ಷಿಸುವಷ್ಟರಲ್ಲಿ ಒಂದು ವಾರ ಹೋಯಿತು. ಆಮೇಲೆ ಮಳೆ, ಆಮೇಲೆ ಗಾಳಿ.

ನಲವತ್ತನೆಯ ಗಂಟೆ ಮುಗಿದದ್ದು ಅವರು ಹೊರಡುವ ಹಿಂದಿನ ದಿನ, ಬೆಳಿಗ್ಗೆ ಹತ್ತಕ್ಕೆ. ಲಾಗ್‌ಬುಕ್‌ನಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದೆ. ಬಾಗಿಲ ಬಳಿ ಅಂಟಿಸಿದ್ದ ಎಚ್ಚರಿಕೆಯನ್ನು ನಿಯಮದಂತೆ ಅತ್ತೆಗೆ ಓದಿ ಹೇಳಿದೆ: ಇದು ಹವ್ಯಾಸಿಗಳು ಕಟ್ಟಿದ್ದು, ಬೇರೆ ವಿಮಾನಗಳ ಸುರಕ್ಷತಾ ನಿಯಮ ಇದಕ್ಕಿಲ್ಲ.

"ಕಟ್ಟಿದೋಳಿಗೇ ಹೇಳ್ತೀಯಲ್ಲೇ!" ಎಂದು ನಕ್ಕು, ಬಗ್ಗಿ ಕೊಳವೆಯ ತೂತು ನೋಡಿದರು. ಆಮೇಲೆ ಸೆರಗಿನ ಗಂಟಿನಿಂದ ಕುಂಕುಮ ತೆಗೆದು ನನ್ನ ಹಣೆಗಿಟ್ಟರು. "ಇಲ್ಲಿಟ್ರೆ ಏನೂ ನಿಲ್ಲಲ್ಲ ತಾನೆ?"

ವಿಮಾನ ಓಡತೊಡಗಿತು. ನಾನು ನೋಡುವ ಮೊದಲೇ ಅತ್ತೆ ಕೂಗಿದರು, "ಎದ್ದಿತು ಕಣೇ, ಸೂಜಿ ಎದ್ದಿತು!" ನಾವೂ ಎದ್ದೆವು. ಇಬ್ಬರೂ ಹೆಡ್‌ಸೆಟ್ಟಿನಲ್ಲಿ ಕಿರುಚುತ್ತಿದ್ದೆವು.

ಕೆಳಗೆ ಕೆಂಪು ಹಳದಿ ಮರಗಳು, ಕೆರೆಗಳು, ದೂರದಲ್ಲಿ ಮ್ಯಾನ್‌ಹಟನ್ನಿನ ಕಟ್ಟಡಗಳು. "ನೋಡಿ ಅತ್ತೆ, ನೋಡಿ" ಎಂದೆ. ಅವರು ಒಂದನ್ನೂ ನೋಡುತ್ತಿರಲಿಲ್ಲ. ನನ್ನ ಮೈಮೇಲೆ ಬಾಗಿ, ಕತ್ತು ಚಾಚಿ, ಎಡರೆಕ್ಕೆಯ ರಿವೆಟ್‌ಗಳನ್ನು ಒಂದೊಂದಾಗಿ ಎಣಿಸುತ್ತಿದ್ದರು.